ಒಂದೇ ಬ್ಯಾಗು, ಇಂದ್ರಾಳಿಯಿಂದ ಥಾಣೆಯವರೆಗೆ

ಪ್ರಯಾಣದ ಖರ್ಚು ಕಡಿಮೆ ಮಾಡಬೇಕು ಅಂದರೆ ಎಲ್ಲರೂ ಮೊದಲು ಟಿಕೆಟಿನ ಮಾತೆತ್ತುತ್ತಾರೆ. ಟಿಕೆಟಿನಲ್ಲೂ ಉಳಿತಾಯ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹೋಗಿಬಂದ ಖರ್ಚನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಂಡ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು: ನಮ್ಮ ದುಡ್ಡು ಹೆಚ್ಚು ಸೋರುವುದು ರೈಲು ಹತ್ತುವ ಮೊದಲು ಮತ್ತು ಇಳಿದ ಮೇಲೆ. ಮನೆಯಿಂದ ಸ್ಟೇಷನ್ನಿಗೆ ರಿಕ್ಷಾ, ಪ್ಲಾಟ್‌ಫಾರ್ಮಿನಲ್ಲಿ ಕೂಲಿ, ಇಳಿದ ಊರಲ್ಲಿ ಟ್ಯಾಕ್ಸಿ, ಕೋಣೆ ಸಿಗುವ ತನಕ ಲಗೇಜು ಇಡಲು ಒಂದು ಜಾಗ. ಈ ಒಂದೊಂದು ಖರ್ಚಿನ ಹಿಂದೆಯೂ ಇರುವುದು ನಾವು ಹೊತ್ತುಕೊಂಡು ಹೋದ ಭಾರ. ಹಾಗಾಗಿ ನನ್ನ ಉಳಿತಾಯ ಶುರುವಾಗುವುದು ಬ್ಯಾಗಿನಿಂದ.

ನಮ್ಮದು ಉಡುಪಿ. ಬಂಧುಬಳಗ ಅರ್ಧಕ್ಕರ್ಧ ಮುಂಬಯಿಯಲ್ಲಿ, ಮಗಳ ಓದು ಬೆಂಗಳೂರಿನಲ್ಲಿ. ವರ್ಷದಲ್ಲಿ ಆಗಾಗ ಮತ್ಸ್ಯಗಂಧ ಹತ್ತುವುದು ನಮಗೆ ತಪ್ಪಿದ್ದಲ್ಲ. ಮಧ್ಯಾಹ್ನ ಮಂಗಳೂರು ಸೆಂಟ್ರಲ್ ಬಿಟ್ಟ ರೈಲು ಮರುದಿನ ಬೆಳಗಿನ ಜಾವ ಪನ್ವೇಲ್, ಥಾಣೆ ದಾಟಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಮುಟ್ಟುತ್ತದೆ. ದೊಡ್ಡ ಸೂಟ್‌ಕೇಸು ಇದ್ದವರು ಕೊನೆಯ ತನಕ ಕೂತು, ಕುರ್ಲಾದಲ್ಲಿ ಇಳಿದು, ಟ್ಯಾಕ್ಸಿಯವರ ಜೊತೆ ಚೌಕಾಶಿ ಮಾಡಬೇಕು. ಹೆಗಲಿಗೆ ಒಂದೇ ಬ್ಯಾಗಿದ್ದರೆ ಥಾಣೆಯಲ್ಲೇ ಇಳಿದು ಸೇತುವೆ ಹತ್ತಿ ಲೋಕಲ್ ಹಿಡಿಯಬಹುದು: ಮುಲುಂಡ್, ಘಾಟ್ಕೋಪರ್ ಆ ಕಡೆ, ಡೊಂಬಿವಿಲಿ ಈ ಕಡೆ. ನೆರೂಲ್, ವಾಶಿ ಕಡೆಯವರಿಗೆ ಪನ್ವೇಲ್‌ನಿಂದ ಹಾರ್ಬರ್ ಲೈನ್. ಆ ಹೊತ್ತಿಗೆ ಆಫೀಸಿನ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ಲೋಕಲ್ ಟಿಕೆಟಿಗೂ ಟ್ಯಾಕ್ಸಿ ಬಾಡಿಗೆಗೂ ಇರುವ ಅಂತರ ನೋಡಿದರೆ, ಒಂದೇ ಬೆಳಗ್ಗೆ ಒಬ್ಬರ ಸ್ಲೀಪರ್ ಟಿಕೆಟಿನ ದೊಡ್ಡ ಪಾಲು ಕೈಯಲ್ಲಿ ಉಳಿಯುತ್ತದೆ. ವಾಪಸು ಬಂದಾಗಲೂ ಹಾಗೆಯೇ. ಉಡುಪಿಯ ಇಂದ್ರಾಳಿ ಸ್ಟೇಷನ್ನಿನಿಂದ ಮುಖ್ಯರಸ್ತೆಗೆ ನಡೆದು ಬಂದರೆ ಮಣಿಪಾಲ–ಉಡುಪಿ ಸಿಟಿ ಬಸ್ಸು ಒಂದರ ಹಿಂದೆ ಒಂದು ಸಿಗುತ್ತದೆ. ಸೂಟ್‌ಕೇಸು ಎಳೆದುಕೊಂಡು ಆ ಬಸ್ಸು ಹತ್ತಲು ಆಗುವುದಿಲ್ಲ, ಹತ್ತಿದರೆ ಕಂಡಕ್ಟರಿಗೂ ಕಷ್ಟ, ನಮಗೂ ಕಷ್ಟ.

ರೈಲಿನಲ್ಲಿ ಸ್ಲೀಪರಿಗೂ ತೃತೀಯ ಎಸಿಗೂ ತಲಾ 40 ಕಿಲೋ ತನಕ ಉಚಿತವಾಗಿ ಒಯ್ಯಬಹುದು. ಆ ಲೆಕ್ಕ ನೋಡಿಕೊಂಡೇ ನಮ್ಮವರು ಅಕ್ಕಿ, ತೆಂಗಿನಕಾಯಿ, ಹಲಸು ಎಲ್ಲ ತುಂಬುವುದು. ನನ್ನ ಅಳತೆ ಬೇರೆ: ಬ್ಯಾಗು ಹೊತ್ತು, ಯಾರ ಸಹಾಯವೂ ಇಲ್ಲದೆ, ಎರಡು ಮಹಡಿ ಮೆಟ್ಟಿಲು ಹತ್ತಲು ಆಗಬೇಕು. ಆಗದಿದ್ದರೆ ಅಲ್ಲೇ ನಿಂತು ಬಿಚ್ಚಿ ಒಂದೊಂದೇ ತೆಗೆಯುತ್ತೇನೆ. ನನ್ನ ಮಟ್ಟಿಗೆ ಅದು ಏಳೆಂಟು ಕಿಲೋ. ವಿಮಾನದ ಕ್ಯಾಬಿನ್ ಬ್ಯಾಗಿಗೆ ನಮ್ಮ ದೇಶದೊಳಗೆ ಸಾಮಾನ್ಯವಾಗಿ ಬಿಡುವುದೂ 7 ಕಿಲೋ, ಹಾಗಾಗಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಹಾರುವಾಗಲೂ ಅದೇ ಬ್ಯಾಗು ನಡೆಯುತ್ತದೆ. ಚೆಕ್-ಇನ್ ಲಗೇಜು ಇಲ್ಲದ ಟಿಕೆಟು ಕೆಲವು ಕಂಪೆನಿಗಳಲ್ಲಿ ಕಡಿಮೆಗೆ ಸಿಗುತ್ತದೆ, ಅದನ್ನು ಧೈರ್ಯವಾಗಿ ಕೊಳ್ಳಬಹುದು. ಗಟ್ಟಿ ಚಿಪ್ಪಿನ ದೊಡ್ಡ ಸೂಟ್‌ಕೇಸು ಖಾಲಿಯಿದ್ದಾಗಲೇ ನಾಲ್ಕು ಕಿಲೋ ಆಸುಪಾಸು ತೂಗುತ್ತದೆ. 15 ಕಿಲೋ ಮಿತಿಯಲ್ಲಿ ಕಾಲು ಭಾಗ ಅದಕ್ಕೇ ಹೋಯಿತು. ರದ್ದಿಯವರ ಕೈಯಲ್ಲಿ ಇರುತ್ತದಲ್ಲ, ಕೊಕ್ಕೆಯ ಸಣ್ಣ ತೂಕದ ಸಾಧನ, ಅಂಥದ್ದೊಂದು ಮನೆಯಲ್ಲಿದ್ದರೆ ಒಳ್ಳೆಯದು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹೆಚ್ಚುವರಿ ಕಿಲೋಗೆ ಕೊಡುವ ದುಡ್ಡು ಯಾವಾಗಲೂ ಹೊಟ್ಟೆ ಉರಿಸುತ್ತದೆ. ಜಾಸ್ತಿ ಆಗುವುದು ಖಚಿತವಾದರೆ ಮೊದಲೇ ಆನ್‌ಲೈನಿನಲ್ಲಿ ಕೊಳ್ಳಿ, ಕಡಿಮೆಗೆ ಆಗುತ್ತದೆ.

ಬ್ಯಾಗಿನೊಳಗೆ ಏನಿರುತ್ತದೆ ಅಂತ ಹೇಳುತ್ತೇನೆ. ಮೂರು ಜೊತೆ ಬಟ್ಟೆ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಬ್ಯಾಗಿನಲ್ಲಿ. ಹತ್ತು ದಿನಕ್ಕೂ ಅಷ್ಟೇ, ನಾಲ್ಕು ದಿನಕ್ಕೂ ಅಷ್ಟೇ. ಜೀನ್ಸ್ ಒಯ್ಯಲೇಬೇಕು ಅನ್ನುವವರು ಹಾಕಿಕೊಂಡೇ ಹೊರಡಲಿ, ಒಳಗಿಟ್ಟರೆ ಅರ್ಧ ಕಿಲೋಗೂ ಮಿಕ್ಕಿ ಭಾರ, ಒಗೆದರೆ ಒಣಗುವುದಿಲ್ಲ. ಬಟ್ಟೆಯನ್ನು ಮಡಚುವ ಬದಲು ಬಿಗಿಯಾಗಿ ಸುರುಳಿ ಸುತ್ತಿ ನಿಲ್ಲಿಸಿ ಜೋಡಿಸುತ್ತೇನೆ. ಮೇಲಿನಿಂದ ನೋಡಿದರೆ ಎಲ್ಲ ಸುರುಳಿಯ ತಲೆಯೂ ಕಾಣಬೇಕು. ಆಗ ಒಂದು ರವಿಕೆಗಾಗಿ ಇಡೀ ಬ್ಯಾಗು ಬುಡಮೇಲು ಮಾಡುವ ಕೆಲಸ ಇಲ್ಲ.

ಟವೆಲಿನ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ದಪ್ಪ ಟರ್ಕಿ ಟವೆಲು ಪ್ರಯಾಣಕ್ಕೆ ಆಗುವ ವಸ್ತುವೇ ಅಲ್ಲ. ನಮ್ಮ ತೆಳು ಬೈರಾಸು ಇದೆಯಲ್ಲ, ಅದು ಸಾಕು. ಅಂಗೈಯಷ್ಟು ಜಾಗ ಹಿಡಿಯುತ್ತದೆ, ಹಿಂಡಿ ಕೊಡವಿ ಕಿಟಕಿಯ ಸರಳಿಗೆ ಕಟ್ಟಿದರೆ ರೈಲಿನ ಗಾಳಿಗೆ ಅಂಕೋಲ ಬರುವಷ್ಟರಲ್ಲಿ ಒಣಗಿರುತ್ತದೆ. ಎರಡು ಬೈರಾಸು ಒಯ್ಯುತ್ತೇನೆ. ಒಂದು ಮೈ ಒರಸಲು. ಇನ್ನೊಂದು ದಿಂಬಿನ ಮೇಲೆ ಹಾಸಲು, ಬಿಸಿಲಿಗೆ ತಲೆಗೆ ಕಟ್ಟಲು, ಉಪ್ಪಿನಕಾಯಿ ಬಾಟಲಿಗೆ ಸುತ್ತಲು, ಬೇಕಾದರೆ ನಾಲ್ಕು ಮೂಲೆ ಗಂಟು ಹಾಕಿ ಚೀಲ ಮಾಡಲು. ಇದರ ಜೊತೆ ಎರಡು ಮಾರು ನೈಲಾನ್ ಹಗ್ಗ, ನಾಲ್ಕು ಕ್ಲಿಪ್ಪು, ಬಟ್ಟೆ ಸೋಪಿನ ಒಂದು ತುಂಡು. ಹೋಟೆಲಿನ ಲಾಂಡ್ರಿ ಪಟ್ಟಿಯಲ್ಲಿ ಒಂದು ಅಂಗಿಗೆ ಬರೆದಿರುವ ದರ ನೋಡಿದವರಿಗೆ ಈ ಹಗ್ಗದ ಬೆಲೆ ಗೊತ್ತು.

ತೆಂಗಿನೆಣ್ಣೆಯ ವಿಷಯ ನಮ್ಮ ಕರಾವಳಿಯವರು ತಿಳಿದಿರಬೇಕು. ಉಷ್ಣಾಂಶ 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತದೆ. ಉಡುಪಿಯಲ್ಲಿ ಅದನ್ನು ನಾವು ನೋಡುವುದೇ ಅಪರೂಪ, ಡಿಸೆಂಬರಿನಲ್ಲಿ ಕಾಶಿಗೋ ಹರಿದ್ವಾರಕ್ಕೋ ಹೋದರೆ ಸಣ್ಣ ಬಾಯಿಯ ಬಾಟಲಿಯಿಂದ ಒಂದು ಹನಿಯೂ ಬೀಳುವುದಿಲ್ಲ. ಅಗಲ ಬಾಯಿಯ ಸಣ್ಣ ಡಬ್ಬಿಗೆ ತುಂಬಿಸಿ, ಬೆರಳಲ್ಲಿ ತೆಗೆದುಕೊಂಡರೆ ಆಯಿತು. ವಿಮಾನವಾದರೆ ಇನ್ನೊಂದು ಎಚ್ಚರ: ಒಣ ಕೊಬ್ಬರಿ ಒಯ್ಯಲು ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಹೆಚ್ಚು, ಬೇಗ ಬೆಂಕಿ ಹಿಡಿಯುತ್ತದೆ. ಪವರ್ ಬ್ಯಾಂಕು ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕಿದರೆ ಹೊರಗೆ ತೆಗೆಸುತ್ತಾರೆ.

ಇನ್ನು ಊಟ. ಉಡುಪಿಯವರಿಗೆ ಊಟದ ಬಗ್ಗೆ ಹೇಳಿಕೊಡಬೇಕಾಗಿಲ್ಲ, ಆದರೆ ಬುತ್ತಿಯನ್ನು ಪ್ಯಾಕಿಂಗಿನ ಭಾಗವಾಗಿ ನೋಡುವವರು ಕಡಿಮೆ. ಹಲಸಿನ ಎಲೆಯಲ್ಲಿ ಬೇಯಿಸುವ ಕೊಟ್ಟಿಗೆ ಎಂಬ ಕಡುಬು, ಮುಂಡಕನ (ಕೇದಗೆ ಜಾತಿಯ) ಎಲೆಯಲ್ಲಿ ಬೇಯಿಸುವ ಮೂಡೆ ಇವೆರಡಕ್ಕೂ ಡಬ್ಬಿ ಬೇಡ. ಎಲೆಯೇ ಪಾತ್ರೆ, ಎಲೆಯೇ ತಟ್ಟೆ. ಬೆಳಗ್ಗೆ ಬೇಯಿಸಿ, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿದರೆ ರಾತ್ರಿಯ ಊಟಕ್ಕೆ ಏನೂ ಆಗುವುದಿಲ್ಲ. ಬಿಸಿ ಇರುವಾಗ ಕಟ್ಟಿದರೆ ಹಬೆ ನೀರಾಗಿ ಹುಳಿ ಹಿಡಿಯುತ್ತದೆ. ಹಸಿ ತೆಂಗಿನಕಾಯಿ ಚಟ್ನಿಯನ್ನು ಮಾತ್ರ ದಯವಿಟ್ಟು ಒಯ್ಯಬೇಡಿ, ನಮ್ಮ ಸೆಕೆಗೆ ಅದು ಸಂಜೆಯೊಳಗೆ ಹಳಸುತ್ತದೆ. ತುರಿಯನ್ನು ಸಣ್ಣ ಬೆಂಕಿಯಲ್ಲಿ ಕಂದು ಬಣ್ಣ ಬರುವ ತನಕ ಹುರಿದು, ಮೆಣಸು ಹುಳಿ ಹಾಕಿ, ನೀರು ಸೋಕಿಸದೆ ಪುಡಿ ಮಾಡಿದರೆ ವಾರಗಟ್ಟಲೆ ಇರುತ್ತದೆ. ಮರುದಿನಕ್ಕೆ ತೆಳು ಅವಲಕ್ಕಿ ಒಗ್ಗರಣೆ. ನಾಲ್ಕು ಜನ ರೈಲಿನಲ್ಲಿ ರಾತ್ರಿ ಊಟ, ಬೆಳಗ್ಗೆ ತಿಂಡಿ ಕೊಂಡು ತಿನ್ನುವ ಖರ್ಚಿನಲ್ಲಿ ಮನೆಗೆ ಒಂದು ವಾರದ ತರಕಾರಿ ಬರುತ್ತದೆ. ಊಟ ಮುಗಿದ ಮೇಲೆ ಬುತ್ತಿಯ ಜಾಗ ಖಾಲಿ, ಎಲೆ ಕಸದ ಬುಟ್ಟಿಗೆ. ನೀರಿಗೆ ತಲಾ ಒಂದು ಸ್ಟೀಲ್ ಬಾಟಲಿ. ಮುಗಿದರೆ ರೈಲ್ ನೀರ್ ಲೀಟರಿಗೆ 14 ರೂಪಾಯಿ, ಅದಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಕಾಗಿಲ್ಲ.

ಮುಂಬಯಿಯ ಬಂಧುಗಳಿಗೆ ಏನಾದರೂ ಒಯ್ಯದೆ ಹೋಗುವುದು ನಮ್ಮಲ್ಲಿ ಇಲ್ಲ. ಆದರೆ ಅಲ್ಲಿ ಸಿಗುವುದನ್ನು ಇಲ್ಲಿಂದ ಹೊರುವುದು ಬೇಡ. ಕುಚ್ಚಲಕ್ಕಿ, ಹಪ್ಪಳ, ಕೋರಿರೊಟ್ಟಿ ಎಲ್ಲವೂ ಮುಂಬಯಿಯಲ್ಲಿ ನಮ್ಮವರ ಅಂಗಡಿಗಳಲ್ಲಿ ಉಂಟು. ನಾನು ಒಯ್ಯುವುದು ನಮ್ಮ ಕಡೆಯ ಬದನೆ ಮಟ್ಟುಗುಳ್ಳ ಮತ್ತು ಶಂಕರಪುರ ಮಲ್ಲಿಗೆ. ಗುಳ್ಳವನ್ನು ತೊಳೆಯದೆ, ತೊಟ್ಟು ಮುರಿಯದೆ, ಒಂದೊಂದನ್ನೇ ಕಾಗದದಲ್ಲಿ ಸುತ್ತಿ ಬ್ಯಾಗಿನ ಬುಡಕ್ಕೆ ಹಾಕುತ್ತೇನೆ. ಮಲ್ಲಿಗೆಯ ಚೆಂಡನ್ನು ಬಾಳೆ ಎಲೆಯಲ್ಲಿ ಕಟ್ಟಿ, ಎಲ್ಲಕ್ಕಿಂತ ಮೇಲೆ, ಒತ್ತಡ ಬೀಳದ ಹಾಗೆ. ಮೊಗ್ಗು ಬಿಗಿಯಾಗಿರುವುದನ್ನೇ ಆರಿಸಬೇಕು, ಅದು ಅಲ್ಲಿ ಹೋಗಿ ಅರಳುತ್ತದೆ. ತೂಕವೂ ಇಲ್ಲ, ಕೊಟ್ಟಾಗ ಅವರಿಗೆ ಆಗುವ ಸಂತೋಷ ಹತ್ತು ತೆಂಗಿನಕಾಯಿಯಿಂದಲೂ ಆಗುವುದಿಲ್ಲ.

ಟಿಕೆಟಿನ ಮಾತಿಗೆ ಬಂದರೆ, ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಚೌತಿ, ದೀಪಾವಳಿ, ಮೇ ತಿಂಗಳ ರಜೆ ಇವುಗಳಿಗೆ ಅರುವತ್ತನೇ ದಿನ ಬೆಳಗ್ಗೆ 8 ಗಂಟೆಗೆ ಕೂರಲೇಬೇಕು. ತಪ್ಪಿದರೆ ತತ್ಕಾಲ್ ಅಥವಾ ಹೆಚ್ಚು ದರದ ವಿಶೇಷ ರೈಲು. ಉಡುಪಿಯಿಂದ ವೇಟಿಂಗ್ ಲಿಸ್ಟ್ ತೋರಿಸಿದ ದಿನ ಮಂಗಳೂರು ಸೆಂಟ್ರಲ್‌ನಿಂದ ಹುಡುಕಿ ನೋಡಿ, ಸೀಟು ಇರುವುದುಂಟು. ಟಿಕೆಟು ಅಲ್ಲಿಂದ ತೆಗೆದು ಬೋರ್ಡಿಂಗ್ ಸ್ಟೇಷನ್ ಉಡುಪಿ ಎಂದು ನಮೂದಿಸಿದರೆ ದರದಲ್ಲಿ ಆಗುವ ವ್ಯತ್ಯಾಸ ತತ್ಕಾಲ್ ಶುಲ್ಕದ ಮುಂದೆ ಏನೂ ಅಲ್ಲ. ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಡ ಅಂದರೆ ಅರ್ಧ ದರ. ರಾತ್ರಿ ಪ್ರಯಾಣಕ್ಕೆ ನಾನು ಅದನ್ನು ಹೇಳುವುದಿಲ್ಲ, ಮಗುವಿಗೂ ತಾಯಿಗೂ ನಿದ್ದೆ ಇಲ್ಲ. ಹಗಲಿನ ರೈಲಿಗೆ ಚೆನ್ನಾಗಿದೆ. ಗೋವಾಕ್ಕೆ ಹೋಗುವವರು ಅವಸರ ಇಲ್ಲದಿದ್ದರೆ ವಂದೇ ಭಾರತ್ ಬಿಟ್ಟು ಮಡಗಾಂವ್‌ಗೆ ಹೋಗುವ ಮೆಮು ಪ್ಯಾಸೆಂಜರ್ ರೈಲು ಹಿಡಿಯಲಿ. ಹಳಿ ಅದೇ, ಕಾಳಿ ನದಿಯ ಸೇತುವೆ ಅದೇ, ದರ ಮಾತ್ರ ಎಷ್ಟೋ ಕಡಿಮೆ.

ಬೆಂಗಳೂರಿಗೆ ನಮ್ಮ ಮನೆಯಲ್ಲಿ ಎರಡು ದಾರಿ. ಮಗಳು ಒಬ್ಬಳೇ ಬರುವಾಗ ಸರ್ಕಾರಿ ಕೆಂಪು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಅದು ಉಚಿತ. ರಾಜಹಂಸ, ಐರಾವತ, ಅಂಬಾರಿಗೆ ಅನ್ವಯಿಸುವುದಿಲ್ಲ, ನಮ್ಮ ಊರಿನ ಖಾಸಗಿ ಬಸ್ಸುಗಳಿಗೂ ಇಲ್ಲ. ಎಲ್ಲರೂ ಹೋಗುವಾಗ ಕೆಎಸ್ಸಾರ್ಟಿಸಿಯಲ್ಲಿ ಹೋಗುವ ಬರುವ ಟಿಕೆಟು ಒಟ್ಟಿಗೆ ತೆಗೆದರೆ ವಾಪಸು ದರದಲ್ಲಿ ಶೇ 10 ರಿಯಾಯಿತಿ, ನಾಲ್ಕು ಜನ ಒಂದೇ ಟಿಕೆಟಿನಲ್ಲಿದ್ದರೆ ಶೇ 5. ಖಾಸಗಿ ಸ್ಲೀಪರ್ ಬಸ್ಸುಗಳ ದರ ಶುಕ್ರವಾರ, ಭಾನುವಾರ ಏರುತ್ತದೆ. ಮಂಗಳವಾರ, ಬುಧವಾರ ಹೊರಡಲು ಸಾಧ್ಯವಾದರೆ ಅದೇ ಬಸ್ಸು, ಅದೇ ಸೀಟು ಕಡಿಮೆಗೆ ಸಿಗುತ್ತದೆ.

ಕೋಣೆಯ ಬಗ್ಗೆ ಎರಡೇ ಮಾತು. ರಾತ್ರಿ ಪ್ರಯಾಣ ಮಾಡಿದರೆ ಒಂದು ರಾತ್ರಿಯ ಬಾಡಿಗೆ ಉಳಿಯಿತು. ಬೆಳಗ್ಗೆ ಇಳಿದು ಸಂಜೆ ಮುಂದಕ್ಕೆ ಹೋಗುವುದಾದರೆ ಕೋಣೆ ಬೇಡ. ಸ್ಟೇಷನ್ನಿನ ಕ್ಲೋಕ್ ರೂಮಿಗೆ ಟಿಕೆಟು ತೋರಿಸಿ ಬ್ಯಾಗು ಇಡಬಹುದು, ಬೀಗ ಹಾಕಿರಬೇಕು ಅಷ್ಟೇ. ಹಾಗಾಗಿ ಒಂದು ಸಣ್ಣ ಬೀಗ ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತದೆ.

ಕೆಲವು ಕಡೆ ನಾನು ಉಳಿಸಲು ಹೋಗುವುದಿಲ್ಲ. ವಯಸ್ಸಾದವರಿಗೆ ಕೆಳಗಿನ ಬರ್ತ್ ಸಿಗುವ ರೈಲೇ ಆಗಬೇಕು, ಅದಕ್ಕಾಗಿ ದಿನ ಬದಲಾದರೂ ಸರಿ. ಟಿಕೆಟು ತೆಗೆಯುವಾಗ ಕೇಳುವ ಪ್ರಯಾಣ ವಿಮೆ ತಲಾ 45 ಪೈಸೆ, ಅದನ್ನು ಬೇಡ ಅನ್ನಬಾರದು. ಔಷಧಿ ಒಂದೆರಡು ದಿನದ್ದು ಹೆಚ್ಚೇ ಇರಲಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬದಲಾಗುತ್ತದೆ, ವೇಗ ಇಳಿಸುತ್ತಾರೆ, ಗುಡ್ಡ ಕುಸಿದರೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಮುಂಬಯಿಯಿಂದ ಮುಂದಿನ ರೈಲಿಗೆ ಅಥವಾ ವಿಮಾನಕ್ಕೆ ಅರ್ಧ ದಿನವಾದರೂ ಅಂತರ ಇಟ್ಟೇ ಟಿಕೆಟು ತೆಗೆಯುತ್ತೇನೆ. ಆ ಕನೆಕ್ಷನ್ ತಪ್ಪಿದರೆ ಆಗುವ ನಷ್ಟಕ್ಕೆ ಯಾವ ಉಳಿತಾಯವೂ ಸಾಲದು.

ಬ್ಯಾಗಿಗೂ ಸ್ವಲ್ಪ ಹೆಚ್ಚು ಕೊಟ್ಟು ಒಳ್ಳೆಯದನ್ನೇ ಕೊಳ್ಳಿ, ಕೊಂಡ ಮೇಲೆ ನೋಡಿಕೊಳ್ಳಿ. ನಮ್ಮ ಕಡಲ ಕರೆಯ ಗಾಳಿಗೆ ಮೊದಲು ಹಾಳಾಗುವುದು ಝಿಪ್ಪು. ಲೋಹದ ಝಿಪ್ಪಾದರೆ ಉಪ್ಪಿನಂಶ ಕೂತು ಹಸಿರು ಕಟ್ಟುತ್ತದೆ. ಊರಿಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರಸಿ, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿದರೆ ಸರಾಗ ಓಡುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಕಪಾಟಿನೊಳಗೆ ಮುಚ್ಚಿಟ್ಟರೆ ಬೂಸ್ಟು ಗ್ಯಾರಂಟಿ. ನಾನು ಎಲ್ಲ ಖಾನೆಯ ಝಿಪ್ಪೂ ತೆರೆದು, ಒಳಗೆ ಹಳೆಯ ಪೇಪರ್ ತುರುಕಿ, ಅಡುಗೆಮನೆ ಪಕ್ಕದ ಗೋಡೆಯ ಮೊಳೆಗೆ ನೇತುಹಾಕುತ್ತೇನೆ. ಪೇಪರ್ ವಾರಕ್ಕೊಮ್ಮೆ ಬದಲಿಸಬೇಕು. ಬೀಗ, ಹಗ್ಗ, ಕ್ಲಿಪ್ಪು ಇರುವ ಸಣ್ಣ ಚೀಲವನ್ನು ಮಾತ್ರ ಹೊರಗಿನ ಖಾನೆಯಲ್ಲೇ ಬಿಡುತ್ತೇನೆ, ಮುಂದಿನ ಸಲ ಹುಡುಕುವುದು ಬೇಡ ಅಂತ.