ಹೆಸರು ಬರುವ ಮೊದಲೇ ಪರಿಚಯ ಬರೆದಿಡುವ ಕೆಲಸ

2017ರ ಜೂನ್ 19, ಸೋಮವಾರ. ಮಧ್ಯಾಹ್ನ ಊಟ ಮುಗಿಸಿ ಡೆಸ್ಕ್‌ಗೆ ಬರುವಷ್ಟರಲ್ಲಿ ಟಿ.ವಿ.ಯಲ್ಲಿ ಅಮಿತ್ ಶಾ ಮಾತಾಡುತ್ತಿದ್ದರು. ಬಿಜೆಪಿ ನೇತೃತ್ವದ ಎನ್‌ಡಿಎಯ ರಾಷ್ಟ್ರಪತಿ ಅಭ್ಯರ್ಥಿ ರಾಮನಾಥ ಕೋವಿಂದ್ ಎಂದರು. ನನ್ನ ಕಂಪ್ಯೂಟರಿನಲ್ಲಿ ಆಗ ನಾಲ್ಕು ಪರಿಚಯ ಲೇಖನಗಳು ಸಿದ್ಧವಾಗಿದ್ದವು. ಅಡ್ವಾಣಿ, ಮುರಳಿ ಮನೋಹರ ಜೋಶಿ, ಸುಷ್ಮಾ ಸ್ವರಾಜ್, ಸುಮಿತ್ರಾ ಮಹಾಜನ್. ಕೋವಿಂದ್ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕನ್ನಡ ದಿನಪತ್ರಿಕೆಯೊಂದರ ಸುದ್ದಿ ಡೆಸ್ಕ್‌ನಲ್ಲಿ ನಾನು ತುಂಬಾ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ರಾಷ್ಟ್ರಪತಿ ಚುನಾವಣೆ ಬಂದಾಗಲೆಲ್ಲ ಪಕ್ಷಗಳು ಯಾರನ್ನು ಅಭ್ಯರ್ಥಿ ಮಾಡಬಹುದು ಎಂದು ಊಹಿಸಿ, ಅವರ ಬಗ್ಗೆ ಮೊದಲೇ ಬರೆದಿಡುವುದು ನನ್ನ ಪಾಲಿನ ಕೆಲಸ. ಹೆಸರು ಪ್ರಕಟವಾದ ಮೇಲೆ ಹುಡುಕಲು ಕೂತರೆ ಏಜೆನ್ಸಿಯವರು ಕಳಿಸಿದ್ದನ್ನೇ ಅನುವಾದ ಮಾಡಿ ಹಾಕಬೇಕಾಗುತ್ತದೆ. ಅವತ್ತು ಹಾಗೇ ಆಯಿತು. ಅದಕ್ಕಿಂತ ಕೆಟ್ಟದ್ದೂ ಆಯಿತು. ಕೋವಿಂದ್ ಆಗ ಬಿಹಾರದ ರಾಜ್ಯಪಾಲರು. ಅವಸರದಲ್ಲಿ ನಾನು ‘ಬಿಹಾರದ ದಲಿತ ನಾಯಕ’ ಎಂದು ಬರೆದುಬಿಟ್ಟೆ. ಅವರ ಊರು ಇರುವುದು ಉತ್ತರ ಪ್ರದೇಶದ ಕಾನ್ಪುರ ದೇಹಾತ್ ಜಿಲ್ಲೆಯಲ್ಲಿ. ದೂರದ ಜಿಲ್ಲೆಗಳಿಗೆ ಹೋಗುವ ಆವೃತ್ತಿಯಲ್ಲಿ ಆ ತಪ್ಪು ಅಚ್ಚಾಗಿ ಹೋಯಿತು. ಬೆಂಗಳೂರು ಆವೃತ್ತಿಯಲ್ಲಿ ಸರಿಮಾಡಿದೆವು. ಬೆಳಗ್ಗೆ ಬೀದರಿನಲ್ಲೋ ರಾಯಚೂರಿನಲ್ಲೋ ಪೇಪರ್ ಬಿಡಿಸಿದವರು ‘ಯಾರಿವರು?’ ಎಂದು ಕೇಳಿದಾಗ ನಾವು ಕೊಟ್ಟದ್ದು ತಪ್ಪು ಉತ್ತರ. ಅದು ನನ್ನನ್ನು ಬಹಳ ದಿನ ಕಾಡಿತು.

ಎಲ್ಲಿ ಎಡವಿದೆ ಎಂದು ಆಮೇಲೆ ಕೂತು ಯೋಚಿಸಿದೆ. ನಾನು ದೊಡ್ಡ ಹೆಸರುಗಳ ಹಿಂದೆ ಹೋಗಿದ್ದೆ. ಯಾರು ಹಿರಿಯರು, ಯಾರಿಗೆ ಈ ಗೌರವ ಸಲ್ಲಬೇಕು ಎಂದು ಲೆಕ್ಕ ಹಾಕಿದ್ದೆ. ಪಕ್ಷಗಳು ಹಾಗೆ ಯೋಚಿಸುವುದಿಲ್ಲ. ಹಳೆಯ ಪುಟಗಳನ್ನು ತೆಗೆದು ಓದತೊಡಗಿದಾಗ ಇದು ಸ್ಪಷ್ಟವಾಯಿತು.

2007ರಲ್ಲಿ ಕಾಂಗ್ರೆಸ್ ಕೂಟದಿಂದ ಶಿವರಾಜ್ ಪಾಟೀಲ್, ಕರಣ್ ಸಿಂಗ್, ಸುಶೀಲ್ ಕುಮಾರ್ ಶಿಂಧೆ ಹೆಸರುಗಳು ಓಡಾಡುತ್ತಿದ್ದವು. ಕೊನೆಗೆ ಬಂದದ್ದು ರಾಜಸ್ಥಾನದ ರಾಜ್ಯಪಾಲರಾಗಿದ್ದ ಪ್ರತಿಭಾ ಪಾಟೀಲ್. ಅವರು ಮಹಾರಾಷ್ಟ್ರದವರು. ಎನ್‌ಡಿಎಯಲ್ಲೇ ಇದ್ದ ಶಿವಸೇನೆಗೆ ಅವರನ್ನು ಬೇಡ ಎನ್ನಲಾಗಲಿಲ್ಲ. 2012ರಲ್ಲಿ ಪ್ರಣವ್ ಮುಖರ್ಜಿ ಹೆಸರು ಬಂದಾಗ ಎದುರು ಕೂಟದ ಶಿವಸೇನೆ, ಜೆಡಿಯು ಎರಡೂ ಅವರ ಕಡೆ ಬಂದವು. 2017ರಲ್ಲಿ ನಿತೀಶ್ ಕುಮಾರ್ ಇನ್ನೂ ಲಾಲು ಮತ್ತು ಕಾಂಗ್ರೆಸ್ ಜೊತೆಗಿದ್ದರು. ಆದರೂ ತಮ್ಮ ರಾಜ್ಯದ ರಾಜ್ಯಪಾಲರಾಗಿದ್ದ ಕೋವಿಂದ್ ಅವರನ್ನು ಬೆಂಬಲಿಸಿದರು. ಮೂರೂ ಸಲ ಒಂದೇ ಕಥೆ, ಅಲ್ವಾ? ಯಾರನ್ನು ಮೆಚ್ಚಿಸಬೇಕು ಎನ್ನುವುದಲ್ಲ, ಎದುರಿನವರಲ್ಲಿ ಯಾರಿಗೆ ‘ಬೇಡ’ ಎನ್ನಲು ಕಷ್ಟವಾಗಬೇಕು ಎನ್ನುವುದು ಮುಖ್ಯ.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಉಪರಾಷ್ಟ್ರಪತಿಯಾದವರೇ ಮುಂದೆ ರಾಷ್ಟ್ರಪತಿ ಎಂಬ ನಂಬಿಕೆ ನಮ್ಮ ಡೆಸ್ಕ್‌ನಲ್ಲಿ ಗಟ್ಟಿಯಾಗಿತ್ತು. ರಾಧಾಕೃಷ್ಣನ್, ಜಾಕಿರ್ ಹುಸೇನ್, ಗಿರಿ, ವೆಂಕಟರಾಮನ್, ಶಂಕರ ದಯಾಳ ಶರ್ಮಾ, ಕೆ.ಆರ್. ನಾರಾಯಣನ್, ಹೀಗೆ ಆರು ಮಂದಿ ಆ ದಾರಿಯಲ್ಲಿ ಬಂದವರು. ಆದರೆ 1997ರ ನಂತರ ಒಬ್ಬರೂ ಇಲ್ಲ. ರಾಜಭವನದ ದಾರಿ ಅಗಲವಾಗಿದೆ.

ಹಳೆಯ ಪುಟಗಳಲ್ಲಿ ನನ್ನನ್ನು ಜಾಸ್ತಿ ಹೊತ್ತು ಹಿಡಿದು ಕೂರಿಸಿದ್ದು 1969ರ ಜುಲೈ. ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. ಕಾಂಗ್ರೆಸ್ಸಿನ ಅಭ್ಯರ್ಥಿ ಯಾರು ಎಂಬುದು ತೀರ್ಮಾನವಾದದ್ದು ನಮ್ಮ ಬೆಂಗಳೂರಿನಲ್ಲೇ. ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ ನಡೆದಿತ್ತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರು ಮುಂದಿಟ್ಟರು. ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಮುಂದೆ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು ಇಂದಿರಾ. ಗಿರಿ ಗೆದ್ದರು. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸೇ ಎರಡಾಯಿತು. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಎಂಬ ಆಜ್ಞೆ, ಕೊಡುವಂತಿಲ್ಲ, ಮತದಾನ ಗುಟ್ಟಾಗಿ ನಡೆಯುತ್ತದೆ. ಹಾಗಾಗಿ ಹೆಸರು ಆರಿಸುವ ಹೊತ್ತಿಗೇ ಒಳಗಿನವರೂ ಹೊರಗಿನವರೂ ಒಪ್ಪುವಂತಿರಬೇಕು. ಸುಮ್ನೆ ಗೌರವಕ್ಕೆಂದು ಯಾರನ್ನೋ ಕೂರಿಸುವ ವಿಷಯ ಇದಲ್ಲ ಎಂದು ನನಗೆ ಮನದಟ್ಟಾದದ್ದು ಆ ಪುಟಗಳಿಂದ.

2022ಕ್ಕೆ ನಾನು ಹೆಸರುಗಳಿಂದ ಶುರು ಮಾಡಲಿಲ್ಲ. ಲೆಕ್ಕದಿಂದ ಶುರು ಮಾಡಿದೆ. ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಫಲಿತಾಂಶ ಬಂದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡೆ. ಪ್ರತಿ ರಾಜ್ಯಕ್ಕೂ ಒಂದು ಸಾಲು. ರಾಷ್ಟ್ರಪತಿಯನ್ನು ಆರಿಸುವವರು ಚುನಾಯಿತ ಸಂಸದರು ಮತ್ತು ಶಾಸಕರು. ಶಾಸಕರ ಮತದ ಮೌಲ್ಯ ಎಲ್ಲ ಕಡೆ ಒಂದೇ ಅಲ್ಲ, 1971ರ ಜನಗಣತಿಯ ಮೇಲೆ ನಿಂತಿದೆ. ಉತ್ತರ ಪ್ರದೇಶದ ಒಬ್ಬ ಶಾಸಕರಿಗೆ 208, ಸಿಕ್ಕಿಂನವರಿಗೆ 7, ನಮ್ಮವರಿಗೆ 131. ನಮ್ಮ 224 ಶಾಸಕರದು ಸೇರಿದರೆ 29,344. ಸಂಸದರದು ಆ ವರ್ಷ ತಲಾ 700. ಜಮ್ಮು–ಕಾಶ್ಮೀರಕ್ಕೆ ಆಗ ವಿಧಾನಸಭೆ ಇಲ್ಲದ್ದರಿಂದ 708ರಿಂದ ಇಳಿದಿತ್ತು. ಎಲ್ಲ ಸೇರಿ 10,86,431. ಇದರಲ್ಲಿ ಎನ್‌ಡಿಎ ಅರ್ಧದ ಗೆರೆಗಿಂತ ಸ್ವಲ್ಪವೇ ಕೆಳಗಿತ್ತು.

ಹಾಗಾದರೆ ಹೊರಗಿನಿಂದ ಯಾರು ಬರಬೇಕು? ಆಗ ಒಡಿಶಾ ಮುಖ್ಯಮಂತ್ರಿಯಾಗಿದ್ದ ನವೀನ್ ಪಟ್ನಾಯಕ್ ಅವರ ಬಿಜೆಡಿ ಒಂದೇ ಬಂದರೂ ಸಾಕಿತ್ತು. ಅಲ್ಲಿಂದ ನಾನು ಹಿಂದಕ್ಕೆ ಬಂದೆ. ನವೀನ್ ಬಾಬುಗೆ ಬೇಡ ಎನ್ನಲಾಗದ ಹೆಸರು ಯಾವುದು? ಒಡಿಶಾದವರದೇ. ಒಡಿಶಾದ ಬಿಜೆಪಿಯಲ್ಲಿ ರಾಜಭವನ ಕಂಡವರು ಯಾರು? ದ್ರೌಪದಿ ಮುರ್ಮು ಹೆಸರಿಗೆ ಬಂದು ನಿಂತೆ. ಅವರು 2015ರಿಂದ 2021ರವರೆಗೆ ಜಾರ್ಖಂಡ್ ರಾಜ್ಯಪಾಲರಾಗಿದ್ದವರು. ಸಂತಾಲ ಸಮುದಾಯದವರು. ಜಾರ್ಖಂಡ್ ಮುಖ್ಯಮಂತ್ರಿ ಹೇಮಂತ್ ಸೊರೇನ್ ಕೂಡ ಸಂತಾಲರು. ಅವರ ಪಕ್ಷ ಜೆಎಂಎಂ ಕಾಂಗ್ರೆಸ್ ಜೊತೆಗಿತ್ತು. ಅವರಿಗೂ ವಿರೋಧಿಸುವುದು ಕಷ್ಟ. ಒಂದೇ ಹೆಸರಿನಿಂದ ಎರಡು ಬಾಗಿಲು ತೆರೆಯುತ್ತಿತ್ತು. 2017ರಲ್ಲೂ ಅವರ ಹೆಸರು ಕೇಳಿಬಂದಿತ್ತು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದನ್ನೇ ನಂಬಿ ಕೂರಲಾಗದು. ಛತ್ತೀಸಗಢದ ರಾಜ್ಯಪಾಲರಾಗಿದ್ದ ಅನಸೂಯಾ ಉಯಿಕೆ ಅವರ ಪರಿಚಯವನ್ನೂ ಬರೆದೆ. ನಮ್ಮ ರಾಜಭವನದಲ್ಲೇ ಇದ್ದ ಥಾವರ್‌ಚಂದ್ ಗೆಹಲೋತ್ ಅವರದ್ದೂ ಬರೆದೆ. ಅವರು ಅಭ್ಯರ್ಥಿಯಾದರೆ ಕನ್ನಡ ಪತ್ರಿಕೆ ಸಿದ್ಧವಿಲ್ಲದೆ ಇರುವುದು ಸರಿಯಲ್ಲ. ಆಗ ಉಪರಾಷ್ಟ್ರಪತಿಯಾಗಿದ್ದ ವೆಂಕಯ್ಯ ನಾಯ್ಡು ಅವರದ್ದು ಬೇಕೇಬೇಕು ಎಂದು ನಮ್ಮ ಹಿರಿಯರೊಬ್ಬರು ಹಟ ಹಿಡಿದರು. ನಾಯ್ಡು ಕರ್ನಾಟಕದಿಂದ ಮೂರು ಸಲ ರಾಜ್ಯಸಭೆಗೆ ಹೋದವರು, ನಮ್ಮ ಓದುಗರಿಗೆ ಪರಿಚಿತರು. ಅದೂ ಸಿದ್ಧವಾಯಿತು. ಆದರೆ ಈ ನಾಲ್ಕರಲ್ಲಿ ಒಂದು ಹೆಸರನ್ನೂ ‘ಇವರೇ ಅಭ್ಯರ್ಥಿ’ ಎಂದು ಪತ್ರಿಕೆಯಲ್ಲಿ ಹಾಕಲು ನಾನು ಒಪ್ಪಲಿಲ್ಲ. ಊಹೆ ನಮ್ಮ ಸಿದ್ಧತೆಗೆ. ಓದುಗರಿಗೆ ಅದನ್ನು ಸುದ್ದಿ ಎಂದು ಕೊಡುವುದು ಮೋಸ.

ಮುರ್ಮು ಅವರ ಬಗ್ಗೆ ಬರೆಯಲು ಹೆಚ್ಚು ಸಮಯ ಹಿಡಿಯಿತು. ಮಯೂರ್‌ಭಂಜ್ ಜಿಲ್ಲೆಯ ಉಪರಬೇಡ ಗ್ರಾಮ. ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿ. ರಾಯರಂಗಪುರದಲ್ಲಿ ಶಾಲಾ ಶಿಕ್ಷಕಿ. 1997ರಲ್ಲಿ ಅಲ್ಲೇ ಕೌನ್ಸಿಲರ್. ಎರಡು ಸಲ ಶಾಸಕಿ, ಸಚಿವೆ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡವರು. ಈ ನೋವನ್ನು ಮೊದಲ ಸಾಲಿಗೆ ತಂದರೆ ಓದುಗರ ಮನ ಕರಗುತ್ತದೆ, ಗೊತ್ತು. ಆದರೆ ಅವರು ರಾಷ್ಟ್ರಪತಿಯಾಗಲು ತಕ್ಕವರೋ ಅಲ್ಲವೋ ಎಂದು ಅದರಿಂದ ತಿಳಿಯುವುದಿಲ್ಲ. ನಾನು ಮೊದಲಿಗೆ ತಂದದ್ದು 2017ರ ಒಂದು ಘಟನೆ. ಜಾರ್ಖಂಡ್‌ನ ಬಿಜೆಪಿ ಸರ್ಕಾರ ಆದಿವಾಸಿಗಳ ಭೂಮಿಗೆ ರಕ್ಷಣೆ ಕೊಡುವ ಹಳೆಯ ಗೇಣಿ ಕಾಯ್ದೆಗಳಿಗೆ ತಿದ್ದುಪಡಿ ತಂದಿತ್ತು. ರಾಜ್ಯಪಾಲರಾಗಿದ್ದ ಮುರ್ಮು ಆ ಮಸೂದೆಗಳನ್ನು ವಾಪಸ್ ಕಳಿಸಿದರು. ತಮ್ಮ ಪಕ್ಷದ ಸರ್ಕಾರದ್ದೇ ಮಸೂದೆ! ಅಭ್ಯರ್ಥಿಯ ಬಗ್ಗೆ ಓದುಗ ಮೊದಲು ತಿಳಿಯಬೇಕಾದ್ದು ಇದೇ ಎಂದು ಈಗಲೂ ನಂಬಿದ್ದೇನೆ.

2022ರ ಜೂನ್ 21 ಬಂತು. ಬೆಳಗ್ಗೆ ಪ್ರಧಾನಿ ಮೈಸೂರು ಅರಮನೆ ಮುಂದೆ ಯೋಗ ಮಾಡಿದ್ದರು. ಮುಖಪುಟದ ದೊಡ್ಡ ಫೋಟೊ ಅದೇ ಎಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಮಹಾರಾಷ್ಟ್ರದಲ್ಲಿ ಶಿವಸೇನೆಯ ಏಕನಾಥ ಶಿಂಧೆ ಬಂಡೆದ್ದು ಶಾಸಕರ ಜೊತೆ ಸೂರತ್ ಸೇರಿದ ಸುದ್ದಿ ಬಂತು. ಮಧ್ಯಾಹ್ನ ವಿರೋಧ ಪಕ್ಷಗಳು ಯಶವಂತ ಸಿನ್ಹಾ ಹೆಸರು ಹೇಳಿದವು. ಅದಕ್ಕೂ ಮೊದಲು ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಮೂವರೂ ಒಲ್ಲೆ ಎಂದಿದ್ದರು. ಅದೇ ದಿನ ಅಮಿತ್ ಶಾ, ರಾಜನಾಥ್ ಸಿಂಗ್, ಆಗಿನ ಬಿಜೆಪಿ ಅಧ್ಯಕ್ಷ ನಡ್ಡಾ ಹೋಗಿ ವೆಂಕಯ್ಯ ನಾಯ್ಡು ಅವರನ್ನು ಭೇಟಿಯಾದರು. ಡೆಸ್ಕ್‌ನಲ್ಲಿ ಗದ್ದಲವೇ ಎದ್ದಿತು. ನಾಯ್ಡು ಪುಟ ಮಾಡಿಬಿಡೋಣ ಎಂದರು. ನನಗೂ ಒಂದು ಕ್ಷಣ ಮನಸ್ಸು ಅಲ್ಲಾಡಿತು. ನೋಟ್‌ಬುಕ್ ತೆಗೆದು ನೋಡಿದೆ. ನಾಯ್ಡು ಬಂದರೆ ಒಡಿಶಾದ ಮತ ಯಾಕೆ ಬರಬೇಕು? ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ‘ಸ್ವಲ್ಪ ತಡೆಯಿರಿ’ ಎಂದೆ.

ರಾತ್ರಿ ನಡ್ಡಾ ಮುರ್ಮು ಹೆಸರು ಹೇಳಿದರು. ಇಪ್ಪತ್ತು ಹೆಸರುಗಳ ಚರ್ಚೆ ನಡೆದಿತ್ತಂತೆ. ಜಿಲ್ಲಾ ಆವೃತ್ತಿಗೆ ಪುಟ ಬಿಡುವ ಹೊತ್ತು. ಫೈಲ್ ತೆರೆದೆ, ಮೊದಲ ವಾಕ್ಯ ತಿದ್ದಿದೆ, ಕಳಿಸಿದೆ. ಬೀದರಿಗೂ ಬೆಂಗಳೂರಿಗೂ ಒಂದೇ ಲೇಖನ ಹೋಯಿತು. ಮುಂದೆ ಬಿಜೆಡಿ, ಜೆಎಂಎಂ, ನಮ್ಮ ಜೆಡಿಎಸ್ ಎಲ್ಲವೂ ಅವರಿಗೆ ಬೆಂಬಲ ಕೊಟ್ಟವು. ಉದ್ಧವ್ ಠಾಕ್ರೆ ಕೂಡ ಕೊಟ್ಟರು, ಅದನ್ನು ನಾನು ಊಹಿಸಿರಲಿಲ್ಲ. ಮುರ್ಮು ಅವರಿಗೆ 6,76,803 ಮೌಲ್ಯದ ಮತ ಬಂದವು, ಸಿನ್ಹಾ ಅವರಿಗೆ 3,80,177.

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. 2025ರಲ್ಲಿ ಧನಕರ್ ರಾಜೀನಾಮೆಯಿಂದ ಉಪರಾಷ್ಟ್ರಪತಿ ಸ್ಥಾನ ತೆರವಾದಾಗ ನಾನು ರಾಜ್ಯಪಾಲರೊಬ್ಬರು ಎಂದಷ್ಟೇ ಹೇಳಬಲ್ಲವನಾಗಿದ್ದೆ. ಮಹಾರಾಷ್ಟ್ರದ ರಾಜ್ಯಪಾಲ ಸಿ.ಪಿ. ರಾಧಾಕೃಷ್ಣನ್ ಬಂದರು. ಅವರು ತಮಿಳುನಾಡಿನವರಾದರೂ ಡಿಎಂಕೆ ಅವರ ಕಡೆ ಬರಲಿಲ್ಲ. ಅಲ್ಲಿ ಮತ ಹಾಕುವವರು ಸಂಸದರು ಮಾತ್ರ, ಎನ್‌ಡಿಎಗೆ ಬೇಕಾದಷ್ಟು ಬಲ ಇತ್ತು. ಹೊರಗಿನವರನ್ನು ಸೆಳೆಯಲೇಬೇಕು ಎಂಬ ಒತ್ತಡ ಇಲ್ಲದಾಗ ಹಿಂದಕ್ಕೆ ಎಣಿಸುವ ನನ್ನ ದಾರಿ ಮಸುಕಾಗುತ್ತದೆ.

ಈಚೆಗೆ ಡೆಸ್ಕ್‌ಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು, ‘ಸಾರ್, 2027ಕ್ಕೆ ಯಾರಾಗಬಹುದು?’ ಹಳೆಯ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಹೆಸರಿನ ಕಾಲಂ ಖಾಲಿ ಬಿಡಮ್ಮ, ರಾಜ್ಯಗಳನ್ನು ಬರಿ ಎಂದೆ. ಉತ್ತರ ಪ್ರದೇಶದ 403 ಸ್ಥಾನಗಳನ್ನು 208ರಿಂದ ಗುಣಿಸಿ 83,824 ಎಂದು ಬರೆದಳು. ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದಿನ ಸಾಲಿಗೆ ಹೋದಳು.