ನಮ್ಮ ಬೀದಿಯ ಕ್ಯಾಮೆರಾ, ಏಳು ಜನರ ಫೋನು

ಸಿಸಿಟಿವಿ ಹಾಕುವುದು ನನ್ನ ಕಸುಬು. ಚಿಕ್ಕಮಗಳೂರಿನಲ್ಲಿ ನಾವಿರುವ ಬಡಾವಣೆಗೂ ನಾನೇ ಎಂಟು ಕ್ಯಾಮೆರಾ ಹಾಕಿದ್ದೆ. ಸರಗಳ್ಳರ ಭಯವಿತ್ತು, ಮನೆಗಿಷ್ಟು ಅಂತ ಚಂದಾ ಎತ್ತಿದರು, ಎರಡು ದಿನದಲ್ಲಿ ಕೆಲಸ ಮುಗಿಯಿತು. ರೆಕಾರ್ಡಿಂಗ್ ಯಾರು ನೋಡಬೇಕು ಅನ್ನುವ ಮಾತು ಅವತ್ತು ಬರಲೇ ಇಲ್ಲ. ನನಗೂ ಹೊಳೆಯಲಿಲ್ಲ.

ಆರು ತಿಂಗಳ ಮೇಲೆ, ಬಾಡಿಗೆ ಮನೆಯ ಹುಡುಗಿಯೊಬ್ಬಳು ರಾತ್ರಿ ಸ್ನೇಹಿತನ ಬೈಕಿನಿಂದ ಇಳಿದ ವಿಡಿಯೋ ವಾಟ್ಸಾಪಿನಲ್ಲಿ ಹರಿದಾಡಿತು. ಅವಳ ತಾಯಿ ನನ್ನ ಅಂಗಡಿಗೇ ಬಂದರು. "ಅಣ್ಣ, ನಮ್ಮನೆ ಬಾಗಿಲು ಯಾರ್ಯಾರ ಫೋನಲ್ಲಿ ಕಾಣುತ್ತೆ, ಹೇಳಿ." ನೋಡಿದೆ. ಏಳು ಫೋನು. ಏಳಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್, ಕೊಟ್ಟವನು ನಾನು. ಹಾಗಾಗಿ ವಿಡಿಯೋ ಯಾರಿಂದ ಹೊರಬಿತ್ತು ಅಂತ ಇವತ್ತಿಗೂ ಹೇಳಲಾರೆ. ಆ ಹುಡುಗಿಯ ಮುಖ ನೋಡಿದಾಗಲೆಲ್ಲ ಅದು ಚುಚ್ಚುತ್ತದೆ.

ಅವತ್ತೇ ರಾತ್ರಿ ಪಾಸ್‌ವರ್ಡ್ ಬದಲಿಸಿ ಸಭೆಗೆ ನೋಟಿಸ್ ಹಚ್ಚಿದೆವು: 'ದತ್ತಾಂಶ ಬಳಕೆ ಕುರಿತು ಚರ್ಚೆ'. ಒಂಬತ್ತು ಜನ ಬಂದರು, ಎಲ್ಲರೂ ಸ್ವಂತ ಮನೆಯವರು.

ಎರಡನೇ ಸಲ ನೋಟಿಸ್ ಹಚ್ಚುವುದನ್ನೇ ಬಿಟ್ಟೆ. ಪ್ರತಿ ಕ್ಯಾಮೆರಾದಲ್ಲಿ ಕಾಣುವುದನ್ನು ಪ್ರಿಂಟ್ ತೆಗೆದುಕೊಂಡು, ಆಯಾ ಮನೆಯವರಿಗೆ ತೋರಿಸುತ್ತಾ ಹೋದೆ. "ಇದು ನಿಮ್ಮ ಗೇಟು. ಇದನ್ನ ಯಾರು ನೋಡಬಹುದು? ಎಷ್ಟು ದಿನ ಇಟ್ಕೋಬಹುದು?" ಒಬ್ಬ ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, "ನಾನು ಬಚ್ಚಲಿಂದ ಹೊರಗೆ ಬರೋದೂ ಇದರಲ್ಲಿ ಬರುತ್ತಲ್ಲಪ್ಪಾ" ಅಂದರು. ಅಲ್ಲಿ ನಿಂತೇ ಡಿವಿಆರ್‌ನಲ್ಲಿ, ಅಂದರೆ ರೆಕಾರ್ಡಿಂಗ್ ಉಳಿಯುವ ಪೆಟ್ಟಿಗೆಯಲ್ಲಿ, ಪ್ರೈವಸಿ ಮಾಸ್ಕ್ ಹಾಕಿ ಆ ಭಾಗ ಕಪ್ಪು ಮಾಡಿದೆ. ಬಹುತೇಕ ಎಲ್ಲ ಡಿವಿಆರ್‌ಗಳಲ್ಲೂ ಈ ಸೌಲಭ್ಯ ಇರುತ್ತದೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಗೂ ನಾನದನ್ನು ಹೇಳಿರಲಿಲ್ಲ.

ಈ ಸಲ ದೇವಸ್ಥಾನದ ಜಗಲಿ ತುಂಬಿತು. "ತಪ್ಪು ಮಾಡದವರಿಗೆ ಏನು ಭಯ?" ಎಂದು ಒಬ್ಬರು ಎದ್ದರು. ನಿವೃತ್ತ ಮೇಷ್ಟ್ರೊಬ್ಬರು ಉತ್ತರ ಕೊಟ್ಟರು: ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರಲ್ಲ, ಆ ಕೇಸು ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅವರೇನು ತಪ್ಪು ಮಾಡಿದ್ದರು?

ಎಷ್ಟು ದಿನ ಇಡಬೇಕು ಅನ್ನುವುದಕ್ಕೆ ಹೆಚ್ಚು ಜಗ್ಗಾಟವಾಗಲಿಲ್ಲ. ಕಳ್ಳತನವಾದರೆ ಎರಡು ಮೂರು ದಿನದೊಳಗೆ ಗೊತ್ತಾಗುತ್ತದೆ. ಏಳು ದಿನ ಸಾಕು, ಆಮೇಲೆ ತಾನಾಗಿ ಅಳಿಯುವಂತೆ ಇಟ್ಟೆ. ಫೋನಿನಲ್ಲಿ ನೋಡುವುದು ಪೂರ್ತಿ ಬಂದ್. ಹಳೆಯದನ್ನು ತೆಗೆದು ನೋಡಲು ಇಬ್ಬರು ಜೊತೆಗಿರಬೇಕು, ಒಬ್ಬರು ಹೆಂಗಸು. ಯಾಕೆ ನೋಡಿದ್ದು ಅಂತ ಪುಸ್ತಕದಲ್ಲಿ ಬರೆದು ಸಹಿ. ಪೊಲೀಸರು ಕೇಳಿದರೆ ಪತ್ರ ಪಡೆದು ಪ್ರತಿ ಕೊಡುವುದು.

ನಿಜವಾದ ಜಗಳ ಬಾಡಿಗೆದಾರರ ವಿಷಯಕ್ಕೆ. ಬಡಾವಣೆ ಸಂಘದ ನಿಯಮದಲ್ಲಿ ಅವರಿಗೆ ಮತವಿಲ್ಲ. "ಇವತ್ತು ಇರ್ತಾರೆ, ನಾಳೆ ಹೋಗ್ತಾರೆ" ಅಂದರು. ಕ್ಯಾಮೆರಾ ಅವರ ಬಾಗಿಲನ್ನೂ ನೋಡುತ್ತದೆ, ಸ್ವಂತ ಮನೆಯೋ ಬಾಡಿಗೆ ಮನೆಯೋ ಅಂತ ಅದು ಕೇಳುವುದಿಲ್ಲ ಎಂದು ನಾನು ಹಟ ಹಿಡಿದೆ. ಮೂರು ಸಭೆ ಬೇಕಾಯಿತು. ಕ್ಯಾಮೆರಾ ವಿಷಯದಲ್ಲಿ ಮನೆಗೊಂದು ಮತ, ಅದು ಅಲ್ಲಿ ವಾಸ ಇರುವವರದ್ದು ಎಂದು ಕಡೆಗೆ ಒಪ್ಪಿದರು. ಮನೆಗೆಲಸಕ್ಕೆ ಬರುವ ಹೆಂಗಸರನ್ನು ಇನ್ನೂ ಕೇಳಿಲ್ಲ. ಸಂಜೆ ಸಭೆ ಅವರ ಕೆಲಸದ ಹೊತ್ತಿಗೇ ಬೀಳುತ್ತದೆ. ಮುಂದಿನದನ್ನು ಭಾನುವಾರ ಮಧ್ಯಾಹ್ನ ಇಟ್ಟಿದ್ದೇವೆ.

ಬೀದಿಯಿಂದ ಆಚೆ ಸರ್ಕಲ್‌ಗಳಲ್ಲೂ ಕ್ಯಾಮೆರಾ ಇವೆಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದ್ದೇನೆ. 30 ದಿನದಲ್ಲಿ ಉತ್ತರ ಬರಬೇಕು. ವಿಡಿಯೋ ಕೇಳಿಲ್ಲ, ಅದನ್ನು ಇಡುವ ನಿಯಮದ ಪ್ರತಿ ಕೇಳಿದ್ದೇನೆ. ಮೊದಲ ಪ್ರಶ್ನೆ ಬರೆಸಿದವರು ಅವತ್ತು ಅಂಗಡಿಗೆ ಬಂದ ಆ ತಾಯಿ: ಇದನ್ನು ನೋಡುವ ಅಧಿಕಾರ ಯಾರ್ಯಾರಿಗಿದೆ, ನೋಡಿದ್ದನ್ನು ಎಲ್ಲಿ ಬರೆದಿಡುತ್ತೀರಿ?