ಇಂಗ್ಲೆಂಡಿನಲ್ಲಿ ಲಾರಿ ಓಡಿಸಬಯಸುವ ಹೊಸಬರಿಗೆ

ಮೊದಲು ವೀಸಾದ ಮಾತು. ಲಾರಿ ಚಾಲಕರ ಕೆಲಸಕ್ಕೆ ಇಲ್ಲಿ ಸ್ಕಿಲ್ಡ್ ವರ್ಕರ್ ವೀಸಾ ಸಿಗುವುದಿಲ್ಲ. ಆದ್ದರಿಂದ ಅಂಥ ವೀಸಾ ಕೊಡಿಸುತ್ತೇವೆಂದು ಊರಿನಲ್ಲಿ ಲಕ್ಷಗಟ್ಟಲೆ ಹಣ ಕೇಳುವವರನ್ನು ನಂಬಬೇಡಿ. ಸಂಗಾತಿಯ ಅವಲಂಬಿತರಾಗಿಯೋ ಕಾಯಂ ವಾಸದ ಅನುಮತಿ ಪಡೆದೋ ಈಗಾಗಲೇ ಇಲ್ಲಿದ್ದು, ಕೆಲಸ ಮಾಡುವ ಹಕ್ಕುಳ್ಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿ ಹತ್ತು ವರ್ಷ ಘಾಟಿ ಹತ್ತಿಳಿದವರ ಹೆವಿ ಲೈಸೆನ್ಸಿಗೂ ಇಲ್ಲಿ ಬೆಲೆಯಿಲ್ಲ. ಭಾರತದ ಲೈಸೆನ್ಸಿನಲ್ಲಿ ಮೊದಲ 12 ತಿಂಗಳು ಕಾರು ಓಡಿಸಬಹುದೇ ಹೊರತು, ಅದನ್ನು ಕೊಟ್ಟು ಇಲ್ಲಿನದನ್ನು ಪಡೆಯುವ ಏರ್ಪಾಡು ಇಲ್ಲವಾದ್ದರಿಂದ, ನಮ್ಮ ಎಲ್‌ಎಲ್‌ಆರ್‌ನಂತಿರುವ ಪ್ರಾವಿಷನಲ್ ಮಾಡಿಸಿ ಕಾರಿನ ಪರೀಕ್ಷೆಯಿಂದಲೇ ಆರಂಭಿಸಬೇಕು. ಆ ಪರೀಕ್ಷೆಯನ್ನು ಗೇರಿನ ಕಾರಿನಲ್ಲಿಯೇ ಕೊಡಿ ಎಂಬುದು ನನ್ನ ಒತ್ತಾಯ. ಗೇರಿನ ಕಾರಿನ ಲೈಸೆನ್ಸ್ ಇದ್ದವರು ಮುಂದೆ ಆಟೊಮ್ಯಾಟಿಕ್ ಲಾರಿಯಲ್ಲಿ ಪಾಸಾದರೂ ಎರಡೂ ಬಗೆಯ ಲಾರಿ ಓಡಿಸಬಹುದು. ಆಟೊಮ್ಯಾಟಿಕ್ ಕಾರಿನ ಲೈಸೆನ್ಸಿನವರಿಗೆ ಆ ಅನುಕೂಲವಿಲ್ಲ.

ಆಮೇಲೆ ವೈದ್ಯರಿಂದ ಡಿ4 ನಮೂನೆ ತುಂಬಿಸಿ, ಡಿ2 ಅರ್ಜಿಯ ಜೊತೆ ಲೈಸೆನ್ಸ್ ಕೊಡುವ ಸರಕಾರಿ ಸಂಸ್ಥೆಯಾದ ಡಿವಿಎಲ್‌ಎಗೆ ಕಳುಹಿಸಿದರೆ ಲಾರಿಯ ಪ್ರಾವಿಷನಲ್ ಬರುತ್ತದೆ. ಬಿಡಿ ಲಾರಿಗೆ ಸಿ, ಟ್ರೇಲರ್ ಎಳೆಯುವ ಲಾರಿಗೆ ಸಿಇ ಎಂಬ ವರ್ಗಗಳಿದ್ದು, 2021ರ ನವೆಂಬರಿನಿಂದ ನೇರವಾಗಿ ಸಿಇ ಪರೀಕ್ಷೆಗೇ ಕೂರಬಹುದು. ಲಾರಿ ಓಡಿಸುವುದನ್ನೇ ಉದ್ಯೋಗ ಮಾಡಿಕೊಳ್ಳಲು ಇದರ ಮೇಲೆ ಡ್ರೈವರ್ ಸಿಪಿಸಿ ಎಂಬ ಅರ್ಹತೆಯೂ ಬೇಕು. ಥಿಯರಿಯ 100 ಪ್ರಶ್ನೆಗಳಲ್ಲಿ 85ಕ್ಕೆ ಸರಿಯುತ್ತರ ಕೊಡಬೇಕು. ಅಪಾಯ ಗುರುತಿಸುವ ವಿಡಿಯೊ ಪರೀಕ್ಷೆ, 50 ಪ್ರಶ್ನೆಗಳ ಸನ್ನಿವೇಶ ಪರೀಕ್ಷೆ, ರಿವರ್ಸ್, ರಸ್ತೆ ಚಾಲನೆ, ಕೊನೆಗೆ ಲಾರಿಯ ಸುರಕ್ಷತೆಯನ್ನು ಬಾಯಿಮಾತಿನಲ್ಲಿಯೂ ಕೈಯಲ್ಲಿಯೂ ತೋರಿಸುವ ಪರೀಕ್ಷೆ ಇವೆ. ಥಿಯರಿ ಇಂಗ್ಲಿಷಿನಲ್ಲಿಯೇ ಇರುವುದರಿಂದ ಓದಲು ಒಂದು ತಿಂಗಳು ಹೆಚ್ಚು ತೆಗೆದುಕೊಂಡರೂ ನಷ್ಟವಿಲ್ಲ.

ಈ ಪರೀಕ್ಷೆಗಳ ಶುಲ್ಕ ದೊಡ್ಡದಲ್ಲ. ಲಾರಿಯಲ್ಲಿ ಕೂರಿಸಿ ಕಲಿಸುವುದಕ್ಕೆ ಮಾತ್ರ ಸಾವಿರ ಪೌಂಡಿಗೂ ಮೇಲೆಯೇ ತಗಲುತ್ತದೆ. ನಾನು ಮುಗ್ಗರಿಸಿದ್ದು ಇಲ್ಲಿಯೇ. ಫೋನಿನಲ್ಲಿ ಸಿಹಿಯಾಗಿ ಮಾತನಾಡಿದ ಒಂದು ಸಂಸ್ಥೆಗೆ ಪೂರ್ತಿ ಹಣ ಮುಂಗಡ ಕಟ್ಟಿದೆ. ಅದಕ್ಕೆ ಕಲಿಸಲು ಸ್ವಂತ ಅಂಗಳವೂ ಲಾರಿಯೂ ಇಲ್ಲ, ಅದು ಬರೀ ದಲ್ಲಾಳಿ ಎಂಬುದು ತಿಳಿದದ್ದು ನಾಲ್ಕು ತಿಂಗಳು ಕಾದ ಮೇಲೆ. ಅಂಗಳಕ್ಕೆ ಹೋಗಿ ಲಾರಿಯನ್ನು ಕಣ್ಣಾರೆ ನೋಡದೆ ಯಾರಿಗೂ ಹಣ ಕಟ್ಟಬೇಡಿ.

ಸ್ವಂತ ಹಣ ಹಾಕುವ ಮೊದಲು ಸರಕಾರದ ಸ್ಕಿಲ್ಸ್ ಬೂಟ್‌ಕ್ಯಾಂಪ್ ನಿಮ್ಮ ಪ್ರದೇಶದಲ್ಲಿ ಈ ವರ್ಷ ಲಾರಿ ಚಾಲನೆಗೆ ಇದೆಯೇ ಎಂದು ಸರಕಾರದ ಉದ್ಯೋಗ ಮಾರ್ಗದರ್ಶನ ಸೇವೆಯಾದ ನ್ಯಾಷನಲ್ ಕರಿಯರ್ಸ್ ಸರ್ವಿಸ್‌ನಲ್ಲಿ ವಿಚಾರಿಸಿ. ಇದು ಇಂಗ್ಲೆಂಡಿನಲ್ಲಿ ವಾಸಿಸುವ, 19 ವರ್ಷ ತುಂಬಿದವರಿಗೆ ಇರುವ 16 ವಾರಗಳವರೆಗಿನ ತರಬೇತಿ; ಕೊನೆಗೆ ಉದ್ಯೋಗದಾತರೊಬ್ಬರ ಸಂದರ್ಶನವೂ ಇರುತ್ತದೆ. ಸಂದರ್ಶನ ಯಾವ ಕಂಪನಿಯದು, ಆ ಕಂಪನಿ ಹೊಸ ಚಾಲಕರನ್ನು ನಿಜಕ್ಕೂ ತೆಗೆದುಕೊಳ್ಳುತ್ತದೆಯೇ ಎಂಬುದನ್ನು ಸೇರುವ ಮೊದಲೇ ಕೇಳಿ. ತಡವರಿಸುವ ತರಬೇತಿದಾರರನ್ನು ಬಿಟ್ಟು ಮುಂದಿನವರ ಬಳಿ ಹೋಗಿ. ವಾಸದ ಷರತ್ತುಗಳು ಇರುವುದರಿಂದ ನಿಮ್ಮ ವೀಸಾದ ವಿವರವನ್ನೂ ಆಗಲೇ ತೋರಿಸಿ. ಕೆಲಸವಿಲ್ಲದವರಿಗೆ ನೆರವಾಗುವ ಸರಕಾರಿ ಕಚೇರಿಯಾದ ಜಾಬ್‌ಸೆಂಟರ್ ಕೂಡ ಕೆಲವರ ತರಬೇತಿಗೆ ಹಣ ಕೊಡುತ್ತದೆಯಾದರೂ, ಸರಕಾರಿ ಭತ್ಯೆ ಪಡೆಯುವಂತಿಲ್ಲ ಎಂದು ವೀಸಾದಲ್ಲಿ ನಮೂದಾಗಿರುವವರು ಆ ಬಾಗಿಲು ತಟ್ಟುವಂತಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ದಾರಿ: ಕಂಪನಿಯ ಗೋದಾಮಿಗೋ ವ್ಯಾನ್ ಡೆಲಿವರಿಗೋ ಸೇರಿ, ಆರು ತಿಂಗಳು ತಪ್ಪದೆ ಹಾಜರಾಗಿ, ಅವರ ಖರ್ಚಿನಲ್ಲಿಯೇ ಲಾರಿ ಕಲಿಯುವುದು. ಹಾಗೆ ಕಲಿಸಿದವರು ಒಂದೆರಡು ವರ್ಷ ಬಿಟ್ಟುಹೋಗಬಾರದು, ಹೋದರೆ ಖರ್ಚು ಹಿಂದಿರುಗಿಸಬೇಕು ಎಂದು ಬರೆಸಿಕೊಳ್ಳುವುದುಂಟು. ಆ ಕರಾರನ್ನು ಓದದೆ ಸಹಿ ಹಾಕಬೇಡಿ.

ಕಲಿಯುವಾಗ ನಮ್ಮವರಿಗೆ ಕಷ್ಟವಾಗುವುದು ಎಡಬದಿಯ ಚಾಲನೆಯಲ್ಲ, ಕ್ಲೀನರ್ ಇಲ್ಲದಿರುವುದು. ಹಿಂದೆ ನಿಂತು ಲಾರಿಯ ಮೈಗೆ ಕೈ ಬಡಿದು "ಬರ್ಲಿ, ಬರ್ಲಿ" ಎನ್ನುವವರಿಲ್ಲ. ಕನ್ನಡಿಗಳನ್ನೇ ನೆಚ್ಚಿ ಹಿಂದೆ ಸರಿಯಬೇಕು, ಅನುಮಾನ ಬಂದರೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಳಿದು ನೋಡಬೇಕು. ಬೆಳಗಿನ ಜಾವದ ಚಳಿಯಲ್ಲಿ ಟಾರ್ಚ್ ಹಿಡಿದು ಲಾರಿಯನ್ನು ಸುತ್ತಿ, ಟೈರು, ವೀಲ್ ನಟ್ಟು, ದೀಪ ನೋಡಿ, ಎಂಜಿನ್ ಆರಿಸಿ ಬ್ರೇಕಿನ ಗಾಳಿ ಸೋರುವ ಸದ್ದಿಗೆ ಕಿವಿಗೊಡುವುದೂ ಚಾಲಕರದೇ ಹೊಣೆ.

ಲೈಸೆನ್ಸ್ ಬಂದ ದಿನವೇ ಚಾಲನೆಯ ಹೊತ್ತನ್ನು ದಾಖಲಿಸುವ ಯಂತ್ರಕ್ಕೆ ಹಾಕುವ ಡಿಜಿಟಲ್ ಟ್ಯಾಕೋಗ್ರಾಫ್ ಕಾರ್ಡಿಗೆ ಅರ್ಜಿ ಹಾಕಿ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ತೆಗೆದುಕೊಂಡಿರಾ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ವಿಮೆಯ ಕಾರಣ ಹೇಳಿ ಎರಡು ವರ್ಷದ ಅನುಭವ ಕೇಳುವ ಏಜೆನ್ಸಿಗಳೇ ಹೆಚ್ಚಾದ್ದರಿಂದ ಹೊಸಬರು ಫೋನಿನಲ್ಲಿ ಕೇಳಿ ಸುಮ್ಮನಾಗದೆ, ಸಣ್ಣ ಕಂಪನಿಗಳ ಸಾರಿಗೆ ಕಚೇರಿಗೆ ಖುದ್ದಾಗಿ ಹೋಗಬೇಕು. ಕೆಲಸ ಹುಡುಕಿಕೊಡಲು ಏಜೆನ್ಸಿ ನಿಮ್ಮಿಂದ ಶುಲ್ಕ ಕೇಳುವುದು ಕಾನೂನಿಗೆ ವಿರುದ್ಧ. ಕೆಲಸ ಸಿಕ್ಕ ಮೊದಲ ದಿನ, ಚಾವಿ ಕೈಗೆ ಬಂದೊಡನೆ ಲಾರಿಯ ಎತ್ತರವೆಷ್ಟೆಂದು ಕ್ಯಾಬಿನೊಳಗಿನ ಫಲಕದಲ್ಲಿ ನೋಡಿಕೊಳ್ಳಿ, ಏಕೆಂದರೆ ಇಲ್ಲಿನ ಹಳೆಯ ರೈಲು ಸೇತುವೆಗಳು ತೀರಾ ತಗ್ಗಾಗಿವೆ.